ಸುಲ್ತಾನನ ಡೇರೆಯ ಮುಂದೆ ಡೋಲು

ಕ್ಯಾಮಿಲಸ್ ನೊರೊನ್ಹಾ ಉಸ್ಮಾನಿ ತುರ್ಕರ ಸೈನ್ಯ ಸೇರಿದಾಗ ಅವನಿಗೆ ಐವತ್ತು ದಾಟಿತ್ತು. ಆ ಒಟ್ಟೋಮನ್ ಸಾಮ್ರಾಜ್ಯ ಮುಗಿದು ನೂರು ವರ್ಷವಾಗಿತ್ತು. ಸೇರಿಸಿಕೊಂಡವರು ದುಬೈಯಲ್ಲಿ ಮದುವೆ, ಮೇಳ, ಮೆರವಣಿಗೆಗಳನ್ನು ನಡೆಸಿಕೊಡುವ ಒಂದು ಕಂಪನಿಯವರು. ಅಲ್ ಮುರಕ್ಕಬಾತ್‌ನ ತುರ್ಕಿ ಹೋಟೆಲೊಂದರ ಮಹಡಿಯಲ್ಲಿ, ಕೆಳಗಿನಿಂದ ಕಬಾಬಿನ ಹೊಗೆ ಏರಿಬರುವ ಉದ್ದನೆಯ ಕೋಣೆಯಲ್ಲಿ, ದರ್ಜಿ ಅವನ ಅಳತೆ ತೆಗೆದುಕೊಂಡ. ಕೆಂಪು ನಿಲುವಂಗಿ, ಅಗಲದ ಸೊಂಟಪಟ್ಟಿ, ತಲೆಗೆ ಬಿಳಿ ಪೇಟ, ಕಾಲಿಗೆ ಹಳದಿ ಬೂಟು. ಕನ್ನಡಿಯ ಮುಂದೆ ನಿಂತಾಗ ಅವನಿಗೆ ತನ್ನ ಗುರುತು ಹತ್ತಲಿಲ್ಲ. ಹೆಗಲಿಗೆ ದೊಡ್ಡ ಡೋಲನ್ನು ತೂಗುಹಾಕಿದ ಮೇಲೆ ಹತ್ತಿತು. ಆ ಭಾರ ಅವನ ಹೆಗಲಿಗೆ ಹಳೆಯದು.

ಕಿನ್ನಿಗೋಳಿಯ ಹತ್ತಿರದ ಇಗರ್ಜಿಯೊಂದರ ಬ್ಯಾಂಡಿನಲ್ಲಿ ಅವನ ಅಪ್ಪ ದೊಡ್ಡ ಡ್ರಮ್ ಬಾರಿಸುತ್ತಿದ್ದ. ಹಬ್ಬದ ಮೆರವಣಿಗೆಗೂ ಅದೇ ಬ್ಯಾಂಡು, ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸಿಗೂ ಅದೇ, ಶವಯಾತ್ರೆಗೂ ಅದೇ. ಅಪ್ಪನ ಕೈ ಸೋತ ಮೇಲೆ ಡ್ರಮ್ ಮಗನ ಹೆಗಲಿಗೆ ಬಂತು. ಊರಿನ ಎಷ್ಟೋ ಜನರನ್ನು ಸಮಾಧಿ ಸ್ಥಳದ ಗೇಟಿನ ತನಕ ಕ್ಯಾಮಿಲಸ್ ನಿಧಾನದ ಪೆಟ್ಟುಗಳ ಮೇಲೆ ನಡೆಸಿಕೊಂಡು ಹೋಗಿದ್ದ. ಆ ಕಾಲದಲ್ಲೇ ಇಗರ್ಜಿಯ ಗಾಯನ ತಂಡದಲ್ಲಿ ಹಾಡುತ್ತಿದ್ದ ತೆರೆಸಾಳನ್ನು ಮದುವೆಯಾದ. ಆಮೇಲೆ ಎಲ್ಲರ ಹಾಗೆ ದುಬೈ. ದೇರಾದ ವಾದ್ಯಗಳ ಅಂಗಡಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ; ಅಂಗಡಿ ಮುಚ್ಚಿದಾಗ ಅಲ್ಲಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಈ ಬ್ಯಾಂಡಿನ ದಾರಿ ತೋರಿಸಿದರು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಗಂಡ ಹೆಂಡತಿ ಮಾತಾಡುವುದನ್ನು ಎಂದೋ ಬಿಟ್ಟಿದ್ದರು.

ಬ್ಯಾಂಡಿನಲ್ಲಿ ನಿಜವಾದ ತುರ್ಕರು ಕೆಲವರೇ. ಉಳಿದವರು ಮಂಗಳೂರಿನವರು, ಮಲಬಾರಿನವರು. ಮುಖ್ಯಸ್ಥ ನೇಜತ್ ಉಸ್ತಾ ಬುರ್ಸಾ ಕಡೆಯ ಮುದುಕ. ದೇರಾದಲ್ಲಿ ಕಲಿತ ಹಿಂದಿಯಲ್ಲೇ ಅವನ ಪಾಠ. ಮೆಹ್ತರ್ ಎಂಬ ಈ ದಂಡಿನ ವಾದ್ಯಮೇಳ ಬರಿಯ ಮೆರವಣಿಗೆಯ ಬ್ಯಾಂಡಲ್ಲ ಎಂದು ಅವನು ಮೊದಲ ದಿನವೇ ಹೇಳಿದ್ದ. ಯುದ್ಧಭೂಮಿಯಲ್ಲಿ ಬಾವುಟದ ಸುತ್ತ ನಿಂತು ಬಾರಿಸುವುದು ಅವರ ಕೆಲಸ. ಧೂಳು, ಹೊಗೆಯ ನಡುವೆ ಸಿಪಾಯಿಗೆ ಬಾವುಟ ಕಾಣುವುದಿಲ್ಲ, ಸದ್ದು ಕೇಳುತ್ತದೆ. ಸದ್ದು ಇರುವ ತನಕ ಬಾವುಟ ಇದೆ. ಸದ್ದು ನಿಂತರೆ ಬಾವುಟ ಬಿತ್ತು ಎಂದುಕೊಂಡು ದಂಡು ಚದುರುತ್ತದೆ. ಆದ್ದರಿಂದ ಪಕ್ಕದವನು ಬಿದ್ದರೂ ಡೋಲು ನಿಲ್ಲಬಾರದು.

ನಡೆಯುವುದಕ್ಕೂ ಒಂದು ಕ್ರಮ. ಹೆಜ್ಜೆ ಹಾಕಿ ನಿಂತು ಬಲಕ್ಕೆ ತಿರುಗಬೇಕು, ಮತ್ತೆ ಹೆಜ್ಜೆ ಹಾಕಿ ನಿಂತು ಎಡಕ್ಕೆ. ಜೊತೆಗೆ ದೇವರ ಹೆಸರು ಹೇಳುವ ಪದ್ಧತಿ. ಕ್ಯಾಮಿಲಸ್ ಬಾಯೊಳಗೇ 'ಜೆಜು, ಮರಿ, ಜುಜೆ' ಎಂದು ಕೊಂಕಣಿಯಲ್ಲಿ ಯೇಸು, ಮರಿಯಾ, ಜೋಸೆಫರ ಹೆಸರು ಹೇಳುತ್ತ ಲೆಕ್ಕ ಹಿಡಿಯುತ್ತಿದ್ದ. ಪಕ್ಕದಲ್ಲಿ ಕಂಚಿನ ತಾಳ ಹಿಡಿದು ನಡೆಯುವ ಅಬ್ದುಲ್ ಸಲಾಂಗೆ ಮಾತ್ರ ಅದು ಕೇಳುತ್ತಿತ್ತು. ಸಲಾಂ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮ, ಊರಿನಲ್ಲಿ ದಫ್ ಬಾರಿಸುತ್ತಿದ್ದವನು, ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟಿನಲ್ಲಿ ಕ್ಯಾಮಿಲಸ್‌ನ ಜೊತೆ ಒಂದೇ ಕೋಣೆಯಲ್ಲಿದ್ದವನು. ಉಸ್ಮಾನಿಗಳು ತಮ್ಮ ಜಾನಿಸಾರಿ ದಂಡಿಗೆಂದು ಬಾಲ್ಕನ್ ಸೀಮೆಯ ಕ್ರೈಸ್ತರ ಮನೆಗಳಿಂದ ಹುಡುಗರನ್ನು ಎತ್ತಿಕೊಂಡು ಹೋಗುತ್ತಿದ್ದರೆಂದು ಉಸ್ತಾ ಹೇಳಿದ ದಿನ ಸಲಾಂ, ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಅವನನ್ನು ಪೊರ್ಬು ಎಂದು ಕರೆದು ತಮಾಷೆ ತೆಗೆದ.

"ಪೊರ್ಬುಗಳೇ, ಆ ಕಾಲದಲ್ಲಿ ನೀವು ಸಿಕ್ಕಿದ್ರೆ ಮೊದಲು ನಿಮ್ಮನ್ನೇ ಹಿಡ್ಕೊಂಡು ಹೋಗ್ತಿದ್ರು."

"ಈಗ ಎಂತ, ನಾನಾಗಿ ಬಂದದ್ದಾ ಬ್ಯಾರಿಗಳೇ?" ಎಂದ ಕ್ಯಾಮಿಲಸ್, ಡೋಲಿನ ಹಗ್ಗ ಬಿಗಿ ಮಾಡುತ್ತ. "ಅವರಿಗೆ ಸುಲ್ತಾನ. ನಮಗೆ ಸ್ಪಾನ್ಸರ್."

ಉಸ್ತಾ ಹೇಳಿದ್ದರಲ್ಲಿ ಅವನ ಮನಸ್ಸಿಗೆ ನಾಟಿದ್ದು ಡೋಲಿನ ಸಂಗತಿ. ಯುರೋಪಿನ ರಾಜರು ಮೊದಲು ಈ ಸದ್ದಿಗೆ ಹೆದರಿದರು, ಆಮೇಲೆ ಇದೇ ಸದ್ದು ತಮ್ಮ ದಂಡಿಗೂ ಬೇಕೆಂದರು. ಅವರ ಬ್ಯಾಂಡುಗಳಿಗೆ ದೊಡ್ಡ ಡ್ರಮ್ಮು, ತಾಳ ಬಂದದ್ದು ತುರ್ಕರಿಂದ. ಮುಂದೆ ಒಬ್ಬ ಸುಲ್ತಾನ ತನ್ನದೇ ಜಾನಿಸಾರಿಗಳು ತಿರುಗಿಬಿದ್ದರೆಂದು ಅವರ ಬಿಡಾರದ ಮೇಲೆ ಫಿರಂಗಿ ಹಾರಿಸಿ ಆ ದಂಡನ್ನೇ ಇಲ್ಲವಾಗಿಸಿದ. ಅವರ ಮೆಹ್ತರನ್ನೂ ನಿಲ್ಲಿಸಿದ. ಬದಲಿಗೆ ಇಟಲಿಯಿಂದ ಮಾಸ್ತರನನ್ನು ಕರೆಸಿ ಯುರೋಪಿನ ಬ್ಯಾಂಡು ಕಟ್ಟಿದ. ತಮ್ಮೂರಿನ ಬ್ಯಾಂಡಿಗೆ ವಾದ್ಯ ತರಿಸಿಕೊಟ್ಟದ್ದು ಇಟಲಿಯ ಪಾದ್ರಿಗಳು ಎಂದು ಕ್ಯಾಮಿಲಸ್‌ನ ಅಪ್ಪ ಹೇಳುತ್ತಿದ್ದ. ಹಾಗಾದರೆ ಅಪ್ಪ ಜೀವಮಾನವಿಡೀ ಹೊತ್ತದ್ದು ಇದೇ ಡೋಲು. ಅಂದು ಸಂಜೆ ಅವನು ಇದನ್ನು ಊರಿನಲ್ಲಿದ್ದ ತೆರೆಸಾಳಿಗೆ ಫೋನಿನಲ್ಲಿ ವಿವರಿಸಿದ. ಅವಳು ಪೂರ್ತಿ ಕೇಳಿ, "ಹಾಗಾದ್ರೆ ಮಾವ ಸುಲ್ತಾನನ ಕಡೆಯವರಾ?" ಎಂದು ನಕ್ಕಳು.

ಒಮ್ಮೆ ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿದ್ದಾಗ ಗಂಡನ ವೇಷ ನೋಡಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಜನರ ನಡುವೆ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವನು ಎದುರಿಗೆ ಹಾದುಹೋಗುವ ತನಕ ನಗುತ್ತಲೇ ಇದ್ದಳು. ಡೋಲಿನ ಪೆಟ್ಟು ಒಂದು ತಪ್ಪಿತು. ಉಸ್ತಾ ಬೈದ. ಆ ಬೈಗುಳ ಕ್ಯಾಮಿಲಸ್‌ಗೆ ಸಿಹಿಯಾಗಿತ್ತು. ಅವನ ಸಂಬಳಕ್ಕೆ ಹೆಂಡತಿಯನ್ನು ಶಾಶ್ವತವಾಗಿ ತಂದಿಟ್ಟುಕೊಳ್ಳುವ ವೀಸಾ ಆಗುತ್ತಿರಲಿಲ್ಲ. ಅವಳು ಹೋದ ಮೇಲೆ ಪ್ರತಿ ಕಾರ್ಯಕ್ರಮದ ನಂತರ ಅವನು ಫೋನ್ ಮಾಡುವುದು, ಜನ ಎಷ್ಟಿದ್ದರು, ಯಾರು ಕುಣಿದರು, ಊಟಕ್ಕೆ ಏನಿತ್ತು ಎಂದು ಹೇಳುವುದು ವಾಡಿಕೆಯಾಯಿತು. ಮದುವೆಯಾದ ಹೊಸದರಲ್ಲಿ ಅವರು ಇಷ್ಟು ಮಾತಾಡಿರಲಿಲ್ಲ.

*

ಗಲ್ಫಿನಲ್ಲಿರುವ ನಮ್ಮವರಿಗೆ ಊರಿನ ಸಾವಿನ ಸುದ್ದಿ ನೇರವಾಗಿ ಬರುವುದಿಲ್ಲ. ಮೊದಲು ಹುಷಾರಿಲ್ಲ ಎಂದು ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸೀರಿಯಸ್ ಎಂದು ಬರುತ್ತದೆ. ಐಸಿಯುನಲ್ಲಿದ್ದಾರೆ, ಬಂದುಬಿಡು ಎನ್ನುತ್ತಾರೆ. ಒಬ್ಬನೇ ಇರುವವನು, ನಾಲ್ಕು ಗಂಟೆ ವಿಮಾನದಲ್ಲಿ ಕೂರಬೇಕಾದವನು, ದಾರಿಯಲ್ಲಿ ಕುಸಿಯಬಾರದೆಂಬ ಕರುಣೆ ಅದು. ಸುದ್ದಿ ಹೊರಬೀಳಬಾರದೆಂದು ಊರಿನ ವಾಟ್ಸಾಪ್ ಗುಂಪಿನಲ್ಲೂ ಎಲ್ಲರೂ ಮೌನವಾಗುತ್ತಾರೆ. ಸತ್ಯ ಗೊತ್ತಾಗುವುದು ಮನೆಯ ಅಂಗಳದಲ್ಲಿ ಚಪ್ಪರ ಕಂಡಾಗ. ಸೀರಿಯಸ್ ಎಂದರೆ ಮುಗಿಯಿತು ಎಂದೇ ಅರ್ಥ ಎಂದು ಇಲ್ಲಿ ವರ್ಷ ಕಳೆದವರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಡಿಸ್ಕವರಿ ಗಾರ್ಡನ್ಸ್‌ನ ಆ ಕಟ್ಟಡದಲ್ಲಿ ಇಂಥ ಸುದ್ದಿಯನ್ನು ಹೇಳುವ ಕೆಲಸ ಕ್ಯಾಮಿಲಸ್‌ನ ಪಾಲಿಗೆ ಬರುತ್ತಿತ್ತು. ಅವನ ದನಿ ನಿಧಾನ, ಮುಖ ಶಾಂತ. ಸಲಾಂನ ಅಪ್ಪ ತೀರಿಕೊಂಡಾಗಲೂ ಊರಿನವರು ಮೊದಲು ತಿಳಿಸಿದ್ದು ಕ್ಯಾಮಿಲಸ್‌ಗೆ. ಅಪ್ಪನಿಗೆ ಉಸಿರಾಟದ ತೊಂದರೆಯಂತೆ, ಆಕ್ಸಿಜನ್ ಕೊಡುತ್ತಿದ್ದಾರಂತೆ, ಮಾತಾಡುತ್ತಿದ್ದಾರಂತೆ ಎಂದು ಹೇಳಿ, ಅವನಿಗೆ ಊಟ ಮಾಡಿಸಿ, ವಿಮಾನ ಹತ್ತಿಸಿ ಬಂದ. ಆ ಹೊತ್ತಿಗೆ ಉಪ್ಪಿನಂಗಡಿಯಲ್ಲಿ ದಫನ್ ಕೂಡ ಆಗಿತ್ತು. ತಿರುಗಿ ಬಂದ ಸಲಾಂ ಅವನ ಕೈ ಹಿಡಿದುಕೊಂಡು, ನೀವು ಹಾಗೆ ಹೇಳದಿದ್ದರೆ ನಾನು ಏರ್‌ಪೋರ್ಟಿನಲ್ಲೇ ಬಿದ್ದುಬಿಡುತ್ತಿದ್ದೆ ಎಂದಿದ್ದ.

ಕ್ಯಾಮಿಲಸ್‌ನ ಅಮ್ಮ ಹೋದಾಗ ಅದೇ ಕರುಣೆಯನ್ನು ಅವನ ಮೇಲೆ ಮಾಡಿದವನು ತೆರೆಸಾಳ ತಮ್ಮ ಎವ್ಜಿನ್. ಅಮ್ಮ ಐಸಿಯುನಲ್ಲಿದ್ದಾರೆ, ಕಣ್ಣು ಬಿಡುವುದಿಲ್ಲ, ಕಿವಿ ಕೇಳುತ್ತದೆ, ಫೋನು ಕಿವಿಗೆ ಹಿಡಿಯುತ್ತೇನೆ ಮಾತಾಡಿ ಎಂದ. ಕ್ಯಾಮಿಲಸ್ ಬಾಲ್ಕನಿಯಲ್ಲಿ ನಿಂತು ತುಂಬ ಹೊತ್ತು ಮಾತಾಡಿದ. ಕ್ಷಮೆ ಕೇಳಿದ. ಚಿಕ್ಕವನಿದ್ದಾಗ ಅಮ್ಮ ಹೇಳಿಕೊಟ್ಟ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದ. ಮನೆಗೆ ತಲುಪಿದ ಮೇಲೆ ತಿಳಿಯಿತು, ಆಗ ಅಮ್ಮ ಐಸ್ ಪೆಟ್ಟಿಗೆಯೊಳಗಿದ್ದಳು. ಎವ್ಜಿನ್ ಹಿತ್ತಿಲಿನ ಬಾವಿಕಟ್ಟೆಯ ಬಳಿ ನಿಂತು ಫೋನನ್ನು ಗಾಳಿಗೆ ಹಿಡಿದುಕೊಂಡಿದ್ದ. ಕ್ಯಾಮಿಲಸ್ ಅವನನ್ನು ಬೈಯಲಿಲ್ಲ. ತಾನೂ ಅದನ್ನೇ ಮಾಡುವವನಲ್ಲವೇ. ಆದರೆ ಗಾಳಿಗೆ ಹೇಳಿದ ಆ ಪ್ರಾರ್ಥನೆ ಮುಂದೆ ಅವನ ಬಾಯಿಗೆ ಬರಲಿಲ್ಲ. ಇನ್ನೊಮ್ಮೆ ಯಾರಾದರೂ ಹಾಗೆ ಫೋನು ಹಿಡಿದರೆ ತಾನು ಮಾತಾಡುವುದಿಲ್ಲ ಎಂದು ತೆರೆಸಾಳ ಹತ್ತಿರ ಮಾತ್ರ ಹೇಳಿದ್ದ.

*

ಆ ಗುರುವಾರ ಬ್ಯಾಂಡು ಅಬುಧಾಬಿಗೆ ಹೊರಟಿತ್ತು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಚರಿತ್ರೆಯ ದಿನ. ಮೈದಾನದಲ್ಲಿ ಯುದ್ಧದ ಒಂದು ದೃಶ್ಯ ಆಡಿಸಬೇಕು, ಮಕ್ಕಳೇ ಸಿಪಾಯಿಗಳು, ಬ್ಯಾಂಡು ಇವರದು. ಯಾವ ಯುದ್ಧ ಎಂದು ಆರಿಸುವುದನ್ನು ಶಾಲೆಯವರು ಉಸ್ತಾನಿಗೆ ಬಿಟ್ಟಿದ್ದರು. ಅವನು ಸಿಗೆತ್ವಾರ್ ಆರಿಸಿದ.

ಸಾವಿರದ ಐನೂರ ಅರವತ್ತಾರರಲ್ಲಿ ಹಂಗೇರಿಯ ಆ ಕೋಟೆಗೆ ಮುತ್ತಿಗೆ ಹಾಕಿದಾಗ ಸುಲ್ತಾನ ಸುಲೇಮಾನನಿಗೆ ಎಪ್ಪತ್ತು ದಾಟಿತ್ತು. ಕುದುರೆಯ ಮೇಲೆ ಕೂರಲಾರದೆ ಗಾಡಿಯಲ್ಲಿ ಬಂದಿದ್ದ. ಕೋಟೆ ಬೀಳುವ ಮೊದಲೇ ಡೇರೆಯೊಳಗೆ ತೀರಿಕೊಂಡ. ಸುದ್ದಿ ತಿಳಿದರೆ ದಂಡು ಕೈಬಿಡುತ್ತದೆಂದು ವಜೀರ ಸೊಕೊಲ್ಲು ಬಾಯಿ ಬಿಡಲಿಲ್ಲ. ಆ ವಜೀರ ಕೂಡ ಚಿಕ್ಕಂದಿನಲ್ಲಿ ಕ್ರೈಸ್ತರ ಮನೆಯಿಂದ ಎತ್ತಿಕೊಂಡು ಬಂದವರಲ್ಲಿ ಒಬ್ಬ. ಸುಲ್ತಾನನ ಹೆಸರಿನಲ್ಲಿ ಆಜ್ಞೆಗಳು ಹೊರಟವು. ಕೋಟೆ ಬಿತ್ತು. ಪರದೆ ಎಳೆದ ಗಾಡಿಯ ಹಿಂದೆ ದಂಡು ಊರಿನ ಕಡೆ ತಿರುಗಿತು. ರಾಜಕುಮಾರ ಬಂದು ಸೇರಿದ ಮೇಲೆ, ಬೆಲ್ಗ್ರೇಡಿನ ಹತ್ತಿರ, ಒಂದು ದಿನ ಗಾಡಿಯ ಸುತ್ತ ಕುರ್‌ಆನ್ ಓದುವವರ ದನಿ ಎದ್ದಿತು. ಆಗ ದಂಡಿಗೆ ಅರ್ಥವಾಯಿತು. ಸಿಪಾಯಿಗಳು ನಿಂತಲ್ಲೇ ಅತ್ತರಂತೆ.

ಸುಲ್ತಾನನ ಡೇರೆಯ ಮುಂದೆ ದಿನವೂ ಬಾರಿಸಬೇಕಾದ ಮೆಹ್ತರು ಆ ದಿನಗಳಲ್ಲೂ ಬಾರಿಸಿರಬೇಕು ಎಂಬುದು ಉಸ್ತಾನ ಲೆಕ್ಕ. ಡೋಲಿನವರಿಗೆ ಒಳಗಿನ ವಿಷಯ ಗೊತ್ತಿತ್ತೇ ಎಂದು ತಾಲೀಮಿನಲ್ಲಿ ಸಲಾಂ ಕೇಳಿದ. ಅದು ಯಾವ ಪುಸ್ತಕದಲ್ಲೂ ಇಲ್ಲ ಎಂದ ಉಸ್ತಾ. ಗೊತ್ತಿರಲಿಕ್ಕಿಲ್ಲ, ಗೊತ್ತಿದ್ದರೆ ಕೈ ನಡುಗುತ್ತಿತ್ತು ಎಂದು ಸಲಾಂ ವಾದಿಸಿದ. ಕ್ಯಾಮಿಲಸ್ ಒಪ್ಪಲಿಲ್ಲ. ಗೊತ್ತಿದ್ದವನ ಕೈಯೇ ನಡುಗುವುದಿಲ್ಲ, ನಾನು ಎಷ್ಟು ಶವಯಾತ್ರೆಗೆ ಬಾರಿಸಿದ್ದೇನೆ ಎಂದ.

ಶಾಲೆಯಲ್ಲಿ ವೇಷ ಹಾಕಿಕೊಳ್ಳಲು ಒಂದು ತರಗತಿಯನ್ನು ಬಿಟ್ಟುಕೊಟ್ಟಿದ್ದರು. ಗೋಡೆಯ ತುಂಬ ಮಕ್ಕಳು ಬರೆದ ಹಣ್ಣುಗಳ ಚಿತ್ರ. ಕ್ಯಾಮಿಲಸ್ ಸೊಂಟಪಟ್ಟಿ ಬಿಗಿಯುತ್ತಿದ್ದಾಗ ಎವ್ಜಿನ್‌ನ ಫೋನು ಬಂತು.

"ಭಾವಾ, ಅಕ್ಕ ಸೀರಿಯಸ್ ಉಂಟು. ಹಾರ್ಟಿನದ್ದು. ಐಸಿಯುಗೆ ಹಾಕಿದ್ದಾರೆ. ಸಿಕ್ಕಿದ ವಿಮಾನದಲ್ಲಿ ಬನ್ನಿ."

ಕ್ಯಾಮಿಲಸ್ ಮಕ್ಕಳ ಪುಟ್ಟ ಬೆಂಚಿನ ಮೇಲೆ ಕುಳಿತ.

"ಮಾತಾಡ್ತೀರಾ? ನರ್ಸ್ ಸ್ವಲ್ಪ ಹೊತ್ತು ಬಿಡ್ತಾರಂತೆ. ಕಿವಿಗೆ ಹಿಡೀತೇನೆ. ನಿಮ್ಮನ್ನೇ ಕೇಳ್ತಾ ಇದ್ದಾಳೆ."

"ಬೇಡ ಎವ್ಜಿನ್," ಎಂದ ಅವನು. "ನಾನು ಬರ್ತೇನೆ."

ಆ ಹೊತ್ತಿನಲ್ಲಿ ತೆರೆಸಾ ಬದುಕಿದ್ದಳು. ಎವ್ಜಿನ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದವಳು ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟಿದ್ದಳು. ಡಾಕ್ಟರು ಹೆಚ್ಚು ಭರವಸೆ ಕೊಟ್ಟಿರಲಿಲ್ಲ. ಗಂಡನ ದನಿ ಕೇಳಬೇಕೆಂದು ಅವಳೇ ತಮ್ಮನನ್ನು ಕರೆದಿದ್ದಳು.

ಇತ್ತ ಕ್ಯಾಮಿಲಸ್‌ನ ಮನಸ್ಸಿನಲ್ಲಿ ಅವಳು ತೀರಿಹೋಗಿ ಆಗಿತ್ತು. ಊರಿನ ವಾಟ್ಸಾಪ್ ಗುಂಪು ತೆರೆದು ನೋಡಿದ. ಬೆಳಗಿನಿಂದ ಯಾರೂ ಒಂದು ಅಕ್ಷರ ಬರೆದಿರಲಿಲ್ಲ. ಅವನಿಗೆ ಅಷ್ಟು ಸಾಕಾಯಿತು. ಸಲಾಂ ಓಡಿಬಂದು ಪಕ್ಕದಲ್ಲಿ ಕುಳಿತ. ಸಂಜೆಯ ವಿಮಾನವಿದೆ, ಇಲ್ಲಿಂದಲೇ ಟ್ಯಾಕ್ಸಿ ಹಿಡಿದು, ಕೋಣೆಯಿಂದ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ, ಬಟ್ಟೆಬರೆ ಆಮೇಲೆ ನೋಡಿಕೊಳ್ಳೋಣ ಎಂದ. ಕ್ಯಾಮಿಲಸ್ ತಲೆಯಲ್ಲಾಡಿಸಿದ. ಬೆಳಗಿನ ವಿಮಾನ ಸಾಕು ಎಂದ. ಇನ್ನು ಅವಸರ ಯಾರಿಗೆ? ಅವನು ಬರುವ ತನಕ ದೇಹವನ್ನು ಇಟ್ಟುಕೊಂಡೇ ಇರುತ್ತಾರೆ. ಇಲ್ಲಿ ಡೋಲಿಗೆ ಬೇರೆ ಜನವಿಲ್ಲ, ಹೊರಗೆ ಅಷ್ಟು ಮಕ್ಕಳು ರಟ್ಟಿನ ಕತ್ತಿ ಹಿಡಿದು ಸಾಲುಗಟ್ಟಿ ನಿಂತಿದ್ದಾರೆ.

"ಪೊರ್ಬುಗಳೇ, ಒಮ್ಮೆ ಮಾತಾಡಿ ನೋಡಿ," ಎಂದ ಸಲಾಂ. "ಒಂದು ವೇಳೆ ನಿಜವೇ ಆದ್ರೆ?"

"ನಿಮ್ಮ ಅಪ್ಪನ ಸುದ್ದಿ ನಾನು ಹೇಗೆ ಹೇಳಿದ್ದೆ ಬ್ಯಾರಿಗಳೇ?"

ಸಲಾಂ ತಾನೇ ಫೋನು ತೆಗೆದು ಬೆಳಗಿನ ವಿಮಾನದ ಟಿಕೆಟ್ ಮಾಡಿದ.

ಕ್ಯಾಮಿಲಸ್ ಇನ್ನೊಂದು ಕೆಲಸ ಮಾಡಿದ. ಊರಿನ ಬ್ಯಾಂಡಿನ ಮಾಸ್ತರರಿಗೆ ಫೋನು ಹಚ್ಚಿ, ನಾಳೆಯೋ ನಾಡಿದ್ದೋ ಬೇಕಾಗುತ್ತದೆ, ಹುಡುಗರಿಗೆ ಹೇಳಿಟ್ಟಿರಿ, ಡ್ರಮ್ಮಿಗೆ ಕಪ್ಪು ಬಟ್ಟೆ ಸುತ್ತಿರಿ ಎಂದ. ಮಾಸ್ತರರಿಗೆ ಮಾತೇ ಹೊರಡಲಿಲ್ಲ. ಆ ಮೌನವೂ ಅವನಿಗೆ ಸಾಕ್ಷಿಯಾಗಿ ಕಂಡಿತು.

ಸಂಜೆ ಬಿಸಿಲು ಇಳಿದಾಗ ದೃಶ್ಯ ಶುರುವಾಯಿತು. ಮೈದಾನದ ಒಂದು ತುದಿಯಲ್ಲಿ ರಟ್ಟಿನ ಕೋಟೆ, ಇನ್ನೊಂದು ತುದಿಯಲ್ಲಿ ಕೆಂಪು ಬಟ್ಟೆಯ ಡೇರೆ. ಡೇರೆಯೊಳಗೆ ಯಾರೂ ಇರಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೇಟ ಇಟ್ಟಿದ್ದರು. ಬ್ಯಾಂಡು ಅದರ ಮುಂದೆ ಅರ್ಧಚಂದ್ರದ ಹಾಗೆ ನಿಂತಿತು. ಉಸ್ತಾ ಕೈಯೆತ್ತಿದ. ಕ್ಯಾಮಿಲಸ್ ಬಲಗೈಯ ದಪ್ಪ ಕೋಲಿನಿಂದ ಮೊದಲ ಪೆಟ್ಟು ಹಾಕಿದ.

ಅವನು ಅಂದು ಬಾರಿಸಿದಷ್ಟು ಚೆನ್ನಾಗಿ ಎಂದೂ ಬಾರಿಸಿರಲಿಲ್ಲ ಎಂದು ಸಲಾಂ ಆಮೇಲೆ ಹೇಳುತ್ತಿದ್ದ. ಒಂದು ಪೆಟ್ಟೂ ಹಿಂದೆ ಮುಂದೆ ಆಗಲಿಲ್ಲ. ಮಕ್ಕಳು ಕೋಟೆಯ ಕಡೆ ಓಡಿದರು, ಬಿದ್ದರು, ಎದ್ದರು, ನಕ್ಕರು. ಅಪ್ಪ ಅಮ್ಮಂದಿರು ಫೋನು ಎತ್ತಿ ಹಿಡಿದು ಚಿತ್ರ ತೆಗೆದುಕೊಂಡರು. ಕ್ಯಾಮಿಲಸ್‌ನ ಮುಖ ನೇರವಾಗಿ ಆ ಖಾಲಿ ಡೇರೆಯ ಕಡೆ ಇತ್ತು. ಕಣ್ಣೀರು ಮೀಸೆಯ ತನಕ ಇಳಿದು ಅಲ್ಲೇ ನಿಲ್ಲುತ್ತಿತ್ತು. ನೋಡಿದವರು ಬೆವರು ಎಂದುಕೊಂಡಿರಬೇಕು. ಬಾಯೊಳಗೆ ಅವನು ಜೆಜು ಮರಿ ಎನ್ನುತ್ತಿರಲಿಲ್ಲ, ಹೆಂಡತಿಯ ಹೆಸರು ಹೇಳುತ್ತಿದ್ದ. ಅದು ಸಲಾಂಗೆ ಕೇಳಿತು. ತಾಳ ಬಡಿಯುವ ಅವನ ಕೈ ಎರಡು ಸಲ ತಪ್ಪಿತು.

ಆಟ ಮುಗಿದು ತರಗತಿಗೆ ಬಂದಾಗ ಮತ್ತೆ ಎವ್ಜಿನ್. ಈ ಸಲ ಅವನ ದನಿ ಒಡೆದಿತ್ತು.

"ಭಾವಾ, ಬ್ಯಾಂಡಿನವರಿಗೆ ಎಂತ ಹೇಳಿದ್ರಿ ನೀವು? ಮಾಸ್ತರರು ಆಸ್ಪತ್ರೆಗೆ ಬಂದಿದ್ದಾರೆ. ಅವಳು ಬದುಕಿದ್ದಾಳೆ ಮಾರಾಯ್ರೆ."

"ಗೊತ್ತುಂಟು," ಎಂದ ಕ್ಯಾಮಿಲಸ್. ಅವನ ದನಿಯಲ್ಲಿ ಆ ಕಟ್ಟಡದ ಎಷ್ಟೋ ಜನರನ್ನು ಸಮಾಧಾನ ಮಾಡಿದ ಶಾಂತಿಯಿತ್ತು. "ನೀನು ಹಾಗೇ ಹೇಳ್ಬೇಕು. ನಾನೂ ಎಲ್ಲರಿಗೂ ಹಾಗೇ ಹೇಳಿದವ."

"ವೆಲಂಕಣಿ ಮಾತೆಯ ಆಣೆ ಭಾವಾ."

"ಆಣೆ ಹಾಕ್ಬೇಡ. ನನಗೋಸ್ಕರ ನಿನಗೆ ಯಾಕೆ ಪಾಪ? ಅಮ್ಮನ ಸಲ ನೀನು ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಈ ಸಲ ಅದೆಲ್ಲ ಬೇಡ."

ಎವ್ಜಿನ್ ಅತ್ತ. ಅವನ ಹಿಂದೆ ಎಲ್ಲೋ ಒಂದೇ ಸಮನೆ ಬೀಪ್ ಬೀಪ್ ಎಂಬ ಸದ್ದು. ಯಾವುದೋ ಗಾಡಿ ಹಿಂದಕ್ಕೆ ಬರುತ್ತಿದೆ ಎಂದುಕೊಂಡ ಕ್ಯಾಮಿಲಸ್. ಒಂದು ಮಾತು ಹೇಳಿ, ಒಂದೇ ಮಾತು ಎಂದು ಎವ್ಜಿನ್ ಅಂಗಲಾಚಿದ.

ಕ್ಯಾಮಿಲಸ್ ಹೇಳಿದ:

"ಕಪಾಟಿನಲ್ಲಿ ನೀಲಿ ಸೀರೆ ಉಂಟು, ನಾನು ದುಬೈಯಿಂದ ತಂದದ್ದು. ಅವಳು ಉಡ್ಲೇ ಇಲ್ಲ. ಪೆಟ್ಟಿಗೆಯಲ್ಲಿ ಇಡುವಾಗ ಅದನ್ನು ಉಡಿಸ್ಲಿಕ್ಕೆ ಹೇಳು."

*

ಮರುದಿನ ಬಜಪೆಯ ವಿಮಾನ ನಿಲ್ದಾಣದಲ್ಲಿ ಅವನಿಗಾಗಿ ಕಾದಿದ್ದವನು ನೆರೆಮನೆಯ ಕಾರಿನವನು. ಎವ್ಜಿನ್ ಬಂದಿರಲಿಲ್ಲ. ಮನೆಯ ಅಂಗಳಕ್ಕೆ ಕಾಲಿಟ್ಟಾಗ ಕ್ಯಾಮಿಲಸ್ ಮೊದಲು ನೋಡಿದ್ದು ಚಪ್ಪರವನ್ನು. ಚಪ್ಪರ ಇರಲಿಲ್ಲ. ನಾಲ್ಕು ಕಂಬಗಳು ನೆಲದ ಮೇಲಿದ್ದವು, ಇಬ್ಬರು ಗುಂಡಿ ತೋಡುತ್ತಿದ್ದರು. ಬಾಡಿಗೆಯ ಕುರ್ಚಿಗಳು ಆಗಷ್ಟೇ ಟೆಂಪೋದಿಂದ ಇಳಿಯುತ್ತಿದ್ದವು. ಒಳಗೆ ಹೆಂಗಸೊಬ್ಬಳು ಗಡಿಬಿಡಿಯಲ್ಲಿ ಹಾಲ್ ಗುಡಿಸುತ್ತಿದ್ದಳು.

ಅಷ್ಟು ವರ್ಷಗಳ ಅಭ್ಯಾಸವಿದ್ದ ಆ ಕಣ್ಣಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ನಿನ್ನೆ ತೀರಿಕೊಂಡವರ ಮನೆ ಹೀಗಿರುವುದಿಲ್ಲ.

ಗುಂಡಿ ತೋಡುವವನ ಹತ್ತಿರ ಹೋಗಿ ಕೇಳಿದ. ಯಾವಾಗ? ಅವನು ಗುದ್ದಲಿ ಬಿಟ್ಟು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಈಗ ಬೆಳಿಗ್ಗೆ ಎಂದ. ಆಸ್ಪತ್ರೆಯಿಂದ ತರುತ್ತಿದ್ದಾರೆ. ಅಂದರೆ ಕ್ಯಾಮಿಲಸ್ ಸಮುದ್ರದ ಮೇಲಿದ್ದಾಗ. ಅವನು ಟೆಂಪೋದಿಂದ ಇಳಿಸಿದ ಕುರ್ಚಿಯೊಂದರ ಮೇಲೆ ಕುಳಿತುಕೊಂಡ. ಆ ಕುರ್ಚಿ ಅಂಗಳದ ನಡುವೆ ಒಂದೇ ಇತ್ತು. ಆಂಬುಲೆನ್ಸ್ ಬರುವ ತನಕ ಅವನು ಅಲ್ಲಿಂದ ಏಳಲಿಲ್ಲ, ಯಾರೂ ಅವನ ಹತ್ತಿರ ಹೋಗಲಿಲ್ಲ.

ತೆರೆಸಾಳಿಗೆ ನೀಲಿ ಸೀರೆ ಉಡಿಸಿದರು. ಬ್ಯಾಂಡು ಬಂತು. ಡ್ರಮ್ಮಿಗೆ ಕಪ್ಪು ಬಟ್ಟೆ ಸುತ್ತಿದ್ದರು. ಮಾಸ್ತರರು ಅದನ್ನು ಅವನ ಮುಂದೆ ತಂದು ನಿಲ್ಲಿಸಿದರು. ಅಪ್ಪನ ಕಾಲದಿಂದ ಅದು ಆ ಮನೆಯವರ ಹಕ್ಕು. ಕ್ಯಾಮಿಲಸ್ ಕೈ ಹಿಂದೆ ಕಟ್ಟಿಕೊಂಡ. ಬೇರೆ ಯಾರೋ ಬಾರಿಸಿದರು.

ಮೂರನೆಯ ದಿನದ ಪ್ರಾರ್ಥನೆಯಾದ ಮೇಲೆ ಅವನು ಎವ್ಜಿನ್‌ನನ್ನು ಹಿತ್ತಿಲಿಗೆ ಕರೆದ. ನಾನು ಮಾತಾಡುವುದಿಲ್ಲ ಎಂದಾಗ ಅವಳು ಏನು ಹೇಳಿದಳು ಎಂದು ಕೇಳಿದ. ಏನೂ ಹೇಳಲಿಲ್ಲ, ತಲೆ ಆ ಕಡೆ ತಿರುಗಿಸಿದಳು, ಸ್ವಲ್ಪ ಹೊತ್ತಿನ ಮೇಲೆ, ಅವರಿಗೆ ಹೆದರಿಕೆ, ಒತ್ತಾಯ ಮಾಡಬೇಡ ಎಂದಳು ಎಂದ ಎವ್ಜಿನ್. ಅದು ನಿಜವೆಂದು ಕ್ಯಾಮಿಲಸ್‌ಗೆ ತಿಳಿಯಿತು. ತೆರೆಸಾ ಹಾಗೇ ಹೇಳುವವಳು.

ಇನ್ನೊಂದು ಪ್ರಶ್ನೆಯಿತ್ತು. ಅದನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ. ದುಬೈಗೆ ತಿರುಗಿ ಬಂದ.

ಬ್ಯಾಂಡಿಗೆ ಹೋಗುತ್ತಾನೆ. ಉಸ್ತಾ ಹೇಳಿದ ಕಡೆ ನಿಲ್ಲುತ್ತಾನೆ, ಬಾರಿಸುತ್ತಾನೆ. ಕಟ್ಟಡದಲ್ಲಿ ಯಾರಿಗಾದರೂ ಊರಿನಿಂದ ಅಂಥ ಫೋನು ಬಂದರೆ ಈಗ ಅವನನ್ನು ಕರೆಯುವುದಿಲ್ಲ. ಸಂಜೆಗಳಲ್ಲಿ ಸಲಾಂ ಚಹಾ ಮಾಡಿ ಕೈಗೆ ಕೊಟ್ಟು, ಕುಡಿಯುವ ತನಕ ಎದುರಿಗೇ ಕುಳಿತಿರುತ್ತಾನೆ. ಬ್ಯಾರಿಗೆ ಒಂದು ಕೊರಗು ಉಳಿದಿದೆ. ನಾನು ಅಂದು ಫೋನು ಕಿತ್ತುಕೊಂಡು ನಾನೇ ಮಾತಾಡಬೇಕಿತ್ತು ಪೊರ್ಬುಗಳೇ ಎಂದು ಒಮ್ಮೆ ಹೇಳಿದ. ಕ್ಯಾಮಿಲಸ್ ಅವನ ಮೊಣಕಾಲಿನ ಮೇಲೆ ಕೈಯಿಟ್ಟ, ಅಷ್ಟೇ.

ಅವನನ್ನು ತಿನ್ನುತ್ತಿದ್ದದ್ದು ಆ ಬೀಪ್ ಬೀಪ್. ಹಾಸಿಗೆಯ ತಲೆಯ ಬಳಿ ಇಡುವ ಯಂತ್ರದ ಸದ್ದು ಅದು ಎಂದು ಅವನಿಗೆ ಈಗ ಗೊತ್ತು. ತಾನು ಸೀರೆಯ ಮಾತು ಹೇಳುವಾಗ ಎವ್ಜಿನ್ ಎಲ್ಲಿ ನಿಂತಿದ್ದ? ಫೋನು ಯಾರ ಕಿವಿಯ ಹತ್ತಿರವಿತ್ತು? ಕೊನೆಗೊಂದು ಭಾನುವಾರ ಅವನು ಕೇಳಿಯೇಬಿಟ್ಟ.

ಎವ್ಜಿನ್ ಒಂದು ಗಳಿಗೆ ತಡೆದ. ಆಮೇಲೆ ಅವನ ದನಿ ಮೆತ್ತಗಾಯಿತು, ಮಾತು ನಿಧಾನವಾಯಿತು. ಕ್ಯಾಮಿಲಸ್‌ಗೆ ಆ ತಡೆಯೂ ಗೊತ್ತು, ಆ ಮೆದುತನವೂ ಗೊತ್ತು. ಜೀವನದಲ್ಲಿ ಎಷ್ಟು ಸಲ ಅದನ್ನು ತಾನೇ ಆಡಿದ್ದಾನೋ.

"ಹೊರಗಿದ್ದೆ ಭಾವಾ. ಕಾರಿಡಾರಿನಲ್ಲಿ. ಅವಳಿಗೆ ಎಂತದೂ ಕೇಳ್ಲಿಲ್ಲ."

"ಹೌದಾ," ಎಂದ ಕ್ಯಾಮಿಲಸ್.

ಯಂತ್ರದ ಸದ್ದಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಭಾನುವಾರದ ಪೂಜೆ ಮುಗಿಸಿ ಬಂದ ಮೇಲೆ ಈಗಲೂ ಎವ್ಜಿನ್‌ಗೆ ಫೋನು ಮಾಡುತ್ತಾನೆ. ಊರಿನ ಮಳೆ, ಬಾವಿಯ ನೀರು, ಅವನ ಮಕ್ಕಳ ಓದು ಎಲ್ಲ ವಿಚಾರಿಸುತ್ತಾನೆ. ಇಡುವ ಮೊದಲು ಒಂದು ಮಾತು ಕೇಳುತ್ತಾನೆ.

"ನೀನು ಹೊರಗಿದ್ದೆ ಅಲ್ವಾ?"

"ಹೌದು ಭಾವಾ. ಹೊರಗಿದ್ದೆ."